ಮರಣದಂಡನೆ ಮತ್ತು ವಕೀಲನ ನೆರವು: ಹೈದರಾಬಾದ್ ರಾಜ್ಯದ ಒಂದು ಪಾಠ

ರಾಯಚೂರು ನಗರವೂ ದೇವದುರ್ಗ, ಮಾನ್ವಿ ತಾಲ್ಲೂಕುಗಳೂ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಈ ಭಾಗದ ಹಳೆಯ ಕಾಗದಪತ್ರಗಳಲ್ಲಿ ಕಾಣುವ ಫಸಲಿ ವರ್ಷವೇ ಅದಕ್ಕೆ ಸಾಕ್ಷಿ. ಆದುದರಿಂದ ಆ ರಾಜ್ಯದ ನ್ಯಾಯಾಲಯಗಳ ಚರಿತ್ರೆಯು ಇಲ್ಲಿಯ ಜನರ ಚರಿತ್ರೆಯೂ ಹೌದು. ಅದರಲ್ಲಿ ಒಂದು ಮೊಕದ್ದಮೆಯು ವಿಶೇಷವಾಗಿ ವಿಚಾರಯೋಗ್ಯವಾಗಿದೆ.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ರಾಜ್ಯದ ಆಡಳಿತವು ಮಿಲಿಟರಿ ಗವರ್ನರ್ ಜೆ. ಎನ್. ಚೌಧುರಿಯವರ ಕೈಗೆ ಬಂದಿತು. 1358 ಫಸಲಿಯ ನಿಬಂಧನೆಯೊಂದರ ಮೂಲಕ ವಿಶೇಷ ನ್ಯಾಯಮಂಡಲಿಗಳು ಏರ್ಪಟ್ಟವು. ತೆಲಂಗಾಣದ ರೈತ ಹೋರಾಟದ ಕಾಲದಲ್ಲಿ ನಲ್ಗೊಂಡ ಜಿಲ್ಲೆಯಲ್ಲಿ ನಡೆದ ಕೊಲೆಗಳ ಸಂಬಂಧವಾಗಿ 1949ರ ಆಗಸ್ಟಿನಲ್ಲಿ 12 ಮಂದಿಗೆ ಮರಣದಂಡನೆ ವಿಧಿಸಲಾಯಿತು. ಡಿಸೆಂಬರಿನಲ್ಲಿ ಹೈದರಾಬಾದ್ ಹೈಕೋರ್ಟು ಅದನ್ನು ಎತ್ತಿಹಿಡಿಯಿತು.

ಮರುತಿಂಗಳು, ಅಂದರೆ 1950ರ ಜನವರಿ 26ರಂದು, ಸಂವಿಧಾನವು ಜಾರಿಗೆ ಬಂದಿತು. ಆರೋಪಿಗಳ ಪರವಾಗಿ ವಾದಿಸಲು ಇಂಗ್ಲೆಂಡಿನಿಂದ ಖ್ಯಾತ ವಕೀಲ ಡಿ. ಎನ್. ಪ್ರಿಟ್ ಬಂದರು. ಹೈಕೋರ್ಟಿನ ತೀರ್ಪು ಸಂವಿಧಾನಕ್ಕಿಂತ ಹಿಂದಿನದಾದುದರಿಂದ ಮೇಲ್ಮನವಿಗೆ ಅವಕಾಶವಿಲ್ಲವೆಂದು ಸುಪ್ರೀಂ ಕೋರ್ಟು ಹೇಳಿತು. ಕೆಲವು ವಾರಗಳ ಅಂತರವು 12 ಜೀವಗಳಿಗೆ ಬಾಗಿಲು ಮುಚ್ಚಿತು.

ಬಳಿಕ ಜನಾರ್ದನ ರೆಡ್ಡಿ ಮೊದಲಾದವರು ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಿದರು. ವಿಚಾರಣೆಯ ಕಾಲದಲ್ಲಿ ತಮಗೆ ವಕೀಲರ ನೆರವು ದೊರೆಯಲಿಲ್ಲವೆಂಬುದು ಅವರ ಮುಖ್ಯ ದೂರುಗಳಲ್ಲಿ ಒಂದು. ಅಮೆರಿಕದ ಅಲಬಾಮ ರಾಜ್ಯದಲ್ಲಿ ಕಪ್ಪು ತರುಣರಿಗೆ ವಿಧಿಸಿದ್ದ ಮರಣದಂಡನೆಯನ್ನು ಇದೇ ಕಾರಣದಿಂದ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1932ರಲ್ಲಿ ರದ್ದುಪಡಿಸಿತ್ತು. ಆದರೆ 1951ರ ಮಾರ್ಚಿನಲ್ಲಿ ನಮ್ಮ ಸುಪ್ರೀಂ ಕೋರ್ಟು, ವಕೀಲನಿರಲಿಲ್ಲವೆಂಬ ಕಾರಣ ಮಾತ್ರದಿಂದಲೇ ವಿಚಾರಣೆಯು ಅಸಿಂಧುವಾಗದೆಂದು ತೀರ್ಮಾನಿಸಿ ಅರ್ಜಿಗಳನ್ನು ವಜಾ ಮಾಡಿತು. ಕೊನೆಗೆ ಶಿಕ್ಷೆಯು ಜೀವಾವಧಿಗೆ ಇಳಿಯಿತು. ಪ್ರಾಣ ಉಳಿಸಿದ್ದು ನ್ಯಾಯಾಲಯದ ತೀರ್ಪಲ್ಲ, ಸರ್ಕಾರದ ಕ್ಷಮೆ.

ಕೊಲೆಯಾದವರ ಮನೆಗಳ ಸಂಕಟವನ್ನು ಯಾರೂ ಹಗುರವಾಗಿ ಕಾಣಲಾಗದು. ಆದರೆ ಅಪರಾಧವು ಎಷ್ಟು ಘೋರವೋ ವಿಚಾರಣೆಯು ಅಷ್ಟು ಶುದ್ಧವಾಗಿರಬೇಕು. ಜಮೆಯ ಬದಿಯನ್ನು ನೋಡದೆ ಖರ್ಚಿನ ಬದಿಯನ್ನಷ್ಟೇ ಕೂಡಿದ ಲೆಕ್ಕವನ್ನು ಯಾವ ವರ್ತಕನೂ ಒಪ್ಪುವುದಿಲ್ಲ. ಲೆಕ್ಕದ ತಪ್ಪನ್ನು ಮರುದಿನ ತಿದ್ದಬಹುದು. ಗಲ್ಲಿಗೇರಿಸಿದ ಮೇಲೆ ತಿದ್ದಲು ಏನೂ ಉಳಿಯದು. ಪ್ರಿಟ್ಟರಂಥ ಸಮರ್ಥರು ಬಂದರೂ ಫಲಿಸದಿದ್ದುದಕ್ಕೆ ಕಾರಣ, ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸುವ ಕಾಲವು ಆಗಲೇ ಮೀರಿದ್ದುದು.

ಮುಂದೆ ನ್ಯಾಯಚಿಂತನೆಯು ಬದಲಾಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯು ಸೆಷನ್ಸ್ ವಿಚಾರಣೆಯಲ್ಲಿ ಬಡ ಆರೋಪಿಗೆ ಸರ್ಕಾರದ ವೆಚ್ಚದಲ್ಲಿ ವಕೀಲನನ್ನು ಒದಗಿಸಿತು. 1979ರಲ್ಲಿ ಹುಸೇನಾರಾ ಖಾತೂನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಉಚಿತ ಕಾನೂನು ನೆರವನ್ನು ಸಂವಿಧಾನದ 21ನೆಯ ವಿಧಿಯ ಅಂಗವೆಂದಿತು. 1980ರಲ್ಲಿ ಬಚನ್ ಸಿಂಗ್ ತೀರ್ಪು ಮರಣದಂಡನೆಯನ್ನು ಅಪರೂಪದಲ್ಲಿ ಅಪರೂಪದ ಪ್ರಕರಣಗಳಿಗೆ ಸೀಮಿತಗೊಳಿಸಿತು. ಇಂಥ ಮೊಕದ್ದಮೆಗಳಿಗೆ ಕನಿಷ್ಠ 10 ವರ್ಷಗಳ ಅನುಭವವುಳ್ಳ ವಕೀಲರನ್ನೇ ನೇಮಿಸಬೇಕು, ಸಿದ್ಧತೆಗೆ ಸಾಮಾನ್ಯವಾಗಿ 7 ದಿನಗಳಾದರೂ ಕೊಡಬೇಕು ಎಂದು 2019ರ ಅನೋಖಿಲಾಲ್ ತೀರ್ಪು ವಿಧಿಸಿತು. ಇಂದು ರಾಯಚೂರಿನ ಸೆಷನ್ಸ್ ನ್ಯಾಯಾಲಯವು ಮರಣದಂಡನೆ ವಿಧಿಸಿದರೂ ಹೈಕೋರ್ಟು ದೃಢೀಕರಿಸದೆ ಅದು ಜಾರಿಯಾಗದು.

1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ಬಂಧನದಲ್ಲಿರುವ ವ್ಯಕ್ತಿಗೆ, ಆತನ ಆದಾಯವೆಷ್ಟೇ ಇರಲಿ, ಉಚಿತ ವಕೀಲನನ್ನು ಪಡೆಯುವ ಹಕ್ಕಿದೆ. ದೇವದುರ್ಗ, ಮಾನ್ವಿಗಳ ಹಳ್ಳಿಯ ಬಡ ಕುಟುಂಬಕ್ಕೆ ಇದನ್ನು ಮೊದಲ ದಿನವೇ ತಿಳಿಸಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರೆಗೆ ಕರೆದೊಯ್ಯುವುದು ಸಣ್ಣ ಕೆಲಸವಲ್ಲ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂಬ ನಾಲ್ಕು ದಾನಗಳಲ್ಲಿ ಮೂರಕ್ಕೆ ಬಸದಿಗಳ ಆಡಳಿತ ಮಂಡಲಿಗಳೂ ಶ್ರಾವಕರೂ ಧಾರಾಳವಾಗಿ ವೆಚ್ಚ ಮಾಡುತ್ತಾರೆ. ಅಭಯದಾನಕ್ಕೆ ಬಹಳಷ್ಟು ಸಲ ಹಣವೂ ಬೇಕಿಲ್ಲ; ಸಕಾಲದಲ್ಲಿ ತಿಳಿವಳಿಕೆ ನೀಡಿದರೆ ಸಾಕು.