ವಯಸ್ಕರ ಮೊಡವೆ: ಸಂಯುಕ್ತ ಔಷಧ ಚಿಕಿತ್ಸೆಯ ಇತಿಹಾಸ

ವಯಸ್ಸು ಇಪ್ಪತ್ತೈದು ದಾಟಿದರೂ ಬಿಡದ, ಇಲ್ಲವೇ ಆಮೇಲೆ ಹೊಸದಾಗಿ ಏಳುವ ಮೊಡವೆಗೆ ವೈದ್ಯರು ಎರಡು ಮೂರು ಔಷಧಗಳನ್ನು ಒಟ್ಟಿಗೆ ಬರೆದುಕೊಡುವ ಪದ್ಧತಿ ಇದು. ಹೆಂಗಸರಲ್ಲಿ ಈ ತೊಂದರೆ ಹೆಚ್ಚು. ಚರ್ಮದ ಗ್ರಂಥಿ ಅತಿಯಾಗಿ ಜಿಡ್ಡು ಸುರಿಸುವುದು, ರೋಮಕೂಪದ ಬಾಯಿ ಕಟ್ಟಿಕೊಳ್ಳುವುದು, ಒಳಗೆ ಬ್ಯಾಕ್ಟೀರಿಯಾ ಬೆಳೆಯುವುದು, ಉರಿಯೂತ, ಹೀಗೆ ಮೊಡವೆಗೆ ನಾಲ್ಕು ಕಾರಣ ಸೇರುತ್ತವೆ. ಒಂದೇ ಮುಲಾಮು ನಾಲ್ಕಕ್ಕೂ ಸಾಲದು.

ಗಂಧಕದ ಮುಲಾಮಿನ ಕಾಲ ಬಹಳ ಹಳೆಯದು. 1950ರ ದಶಕದಲ್ಲಿ ಟೆಟ್ರಾಸೈಕ್ಲಿನ್ ಮಾತ್ರೆ ಬಂತು. 1969ರಲ್ಲಿ ಅಮೆರಿಕದ ಚರ್ಮವೈದ್ಯ ಕ್ಲಿಗ್‌ಮನ್ ಮತ್ತು ಸಂಗಡಿಗರು ಟ್ರೆಟಿನಾಯಿನ್ ಬಗ್ಗೆ ಬರೆದರು. 1982ರಲ್ಲಿ ಅಮೆರಿಕದಲ್ಲಿ ಐಸೊಟ್ರೆಟಿನಾಯಿನ್‌ಗೆ ಅನುಮತಿ ಸಿಕ್ಕಿತು. ಆದರೆ ಔಷಧ ಕೂಡಿಸುವುದನ್ನು ಅನಿವಾರ್ಯವಾಗಿಸಿದ್ದು ಬೇರೆಯೇ ಬೆಳವಣಿಗೆ. 1970ರ ದಶಕದ ಕೊನೆಗೆ ಮೊಡವೆಯ ಬ್ಯಾಕ್ಟೀರಿಯಾ ಆ್ಯಂಟಿಬಯೋಟಿಕ್‌ಗಳಾದ ಎರಿಥ್ರೊಮೈಸಿನ್, ಕ್ಲಿಂಡಾಮೈಸಿನ್‌ಗಳಿಗೆ ಬಗ್ಗದಿರುವುದು ಕಾಣಿಸಿತು. ಹಚ್ಚುವ ಮದ್ದಾದ ಬೆಂಜಾಯಿಲ್ ಪೆರಾಕ್ಸೈಡ್‌ಗೆ ಅಂಥ ಪ್ರತಿರೋಧ ಹುಟ್ಟದ ಕಾರಣ ಅದು ಆ್ಯಂಟಿಬಯೋಟಿಕ್‌ಗೆ ಜೊತೆಗಾರನಾಯಿತು. ಟ್ರೆಟಿನಾಯಿನ್ ಮಾತ್ರ ಅದರೊಂದಿಗೆ ಸೇರಿದರೆ ಕೆಡುತ್ತದೆ. ಹಾಗಾಗಿಯೇ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಚೀಟಿಯಲ್ಲಿ ಬರೆಯುತ್ತಾರೆ. ಟ್ರೆಟಿನಾಯಿನ್‌ನಂತೆ ಕೆಡದ ಅಡಾಪಲೀನ್ ಬಂದ ಮೇಲೆ ಅದೂ ಪೆರಾಕ್ಸೈಡೂ ಒಂದೇ ಟ್ಯೂಬಿಗೆ ಸೇರಿದವು. ಈ ಜೋಡಿಗೆ ಅಮೆರಿಕದಲ್ಲಿ 2008ರಲ್ಲಿ, ಕ್ಲಿಂಡಾಮೈಸಿನ್ ಸೇರಿದ ತ್ರಿವಳಿ ಜೆಲ್‌ಗೆ 2023ರಲ್ಲಿ ಅನುಮತಿ ದೊರೆಯಿತು.

ಭಾರತದ ಬರಹಗಳಲ್ಲಿ ಗೊಂದಲವಿರುವುದು ಇನ್ನೊಂದು ಮಿಶ್ರಣದ ವಿಷಯದಲ್ಲಿ. 1975ರಲ್ಲಿ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಸೇರಿಸಿ ಒಂದು ಸೂತ್ರ ಕೊಟ್ಟರು. ಅದು ಚರ್ಮದ ಕಪ್ಪು ಕಲೆಗೆ ಮೀಸಲು, ಮೊಡವೆಗಲ್ಲ. ಅದರ ಬದಲಾದ ರೂಪಗಳು ಇಲ್ಲಿ ಬೆಳ್ಳಗಾಗುವ ಕ್ರೀಮಿನಂತೆ, ಮೊಡವೆಯ ಮದ್ದಿನಂತೆ ಬಳಕೆಯಾದವು. ಹಚ್ಚಿದ ಕೆಲವೇ ದಿನಕ್ಕೆ ಕೆಂಪು ಇಳಿದು ಮುಖ ತಿಳಿಯಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿ ಬಿಟ್ಟರೆ ಉರಿ, ಕೆಂಪು, ಮೊಡವೆಯಂಥದೇ ಗುಳ್ಳೆ. ದೇಶದ 12 ಕೇಂದ್ರಗಳಲ್ಲಿ ಮುಖದ ಚರ್ಮದ ತೊಂದರೆಯುಳ್ಳ 2926 ಜನರನ್ನು ಪರಿಶೀಲಿಸಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 433 ಜನ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ ಸುಮಾರು ಕಾಲುಭಾಗ ಹಚ್ಚುತ್ತಿದ್ದುದು ಮೊಡವೆಗೇ. ಈ ಸ್ಟೀರಾಯ್ಡ್ ಮಿಶ್ರಣವನ್ನೂ ಮೊಡವೆಯ ಸಂಯುಕ್ತ ಚಿಕಿತ್ಸೆಯ ಲೆಕ್ಕಕ್ಕೆ ಹಾಕುವುದು ತಪ್ಪು. 2018ರಲ್ಲಿ ಹಚ್ಚುವ ಹಲವು ಸ್ಟೀರಾಯ್ಡ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿ, ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಮಾಡಲಾಯಿತು.

ದೊಡ್ಡ ಊರಿನಾಚೆ ಈ ಚಿಕಿತ್ಸೆ ಎಷ್ಟು ಕಷ್ಟ ಎಂಬುದಕ್ಕೆ ಕೋಲಾರದ ಚಿನ್ನದ ಗಣಿಯ ಊರು ಕೆಜಿಎಫ್ ಮತ್ತು ಪಕ್ಕದ ಬಂಗಾರಪೇಟೆ ಉದಾಹರಣೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಒಳಗೆ ತಾಳಲಾರದ ಸೆಖೆ. ಬಿಸಿ ಮತ್ತು ಬೆವರು ಮೊಡವೆಯನ್ನು ಕೆರಳಿಸುತ್ತವೆಂದು ಎರಡನೇ ಮಹಾಯುದ್ಧದಲ್ಲಿ ಉಷ್ಣವಲಯದ ಸೈನಿಕರನ್ನು ನೋಡಿದ ವೈದ್ಯರು ಬರೆದಿದ್ದಾರೆ. ಕೆಜಿಎಫ್‌ನ ವೈದ್ಯಕೀಯ ಬರಹಗಳ ಗಮನ ಮಾತ್ರ ಹೋದದ್ದು ಧೂಳಿನಿಂದ ಬರುವ ಶ್ವಾಸಕೋಶದ ರೋಗ ಸಿಲಿಕೋಸಿಸ್ ಮತ್ತು ಸೆಖೆಗೆ ಕುಸಿಯುವ ಕಾರ್ಮಿಕರ ಕಡೆಗೆ. ಜೀವಕ್ಕೇ ಕುತ್ತಿದ್ದಲ್ಲಿ ಅದು ಸಹಜ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೆಜಿಎಫ್‌ನ ಮಾರಿಕುಪ್ಪಂ ಹಾಗೂ ಬಂಗಾರಪೇಟೆಗಳಿಂದ ಕೆಲಸಕ್ಕಾಗಿ ಬೆಂಗಳೂರಿನ ರೈಲು ಹತ್ತುವವರ ಸಾಲು ಬೆಳೆಯಿತು. ದೊಡ್ಡ ಚಿಕಿತ್ಸೆಗೂ ಅದೇ ರೈಲು, ಇಲ್ಲವೇ ಕೋಲಾರದ ಟಮಕದಲ್ಲಿರುವ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಮೊಡವೆಯ ಔಷಧದ ಗುಣ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು. ನಡುವೆ ಮತ್ತೆ ತೋರಿಸಿಕೊಳ್ಳಬೇಕು. ದಿನಗೂಲಿ ಬಿಟ್ಟು ಹೋಗಬೇಕಾದವರಿಗೆ ಇದೇ ಭಾರ.

ಜೊತೆಗೂಡಬಾರದ ಔಷಧಗಳೂ ಇವೆ. ಐಸೊಟ್ರೆಟಿನಾಯಿನ್ ಜೊತೆ ಟೆಟ್ರಾಸೈಕ್ಲಿನ್ ಅಥವಾ ಡಾಕ್ಸಿಸೈಕ್ಲಿನ್ ಕೊಟ್ಟರೆ ತಲೆಬುರುಡೆಯೊಳಗಿನ ಒತ್ತಡ ಏರಬಹುದು. ಭಾರತದಲ್ಲಿ ಕೆಲವರು ಬದಲಿಗೆ ಅಜಿಥ್ರೊಮೈಸಿನ್ ಕೊಡುತ್ತಾರೆ. ಪ್ರತಿರೋಧ ಬೆಳೆಯುವ ಭಯದಿಂದ ಅದರ ಬಗ್ಗೆಯೂ ತಕರಾರಿದೆ. ಐಸೊಟ್ರೆಟಿನಾಯಿನ್ ಗರ್ಭದಲ್ಲಿರುವ ಶಿಶುವಿಗೆ ತೀವ್ರ ಹಾನಿ ಮಾಡುವುದರಿಂದ ಗರ್ಭಿಣಿಯರಿಗೆ ಸಂಪೂರ್ಣ ನಿಷಿದ್ಧ.

ಹೊಸ ಪುರಾವೆ ಬಂದಿರುವುದು ಸ್ಪೈರೊನೊಲ್ಯಾಕ್ಟೋನ್ ಬಗ್ಗೆ. ಮೂಲದಲ್ಲಿ ರಕ್ತದೊತ್ತಡ, ನೀರೂತಗಳ ಮಾತ್ರೆ. ಪುರುಷ ಹಾರ್ಮೋನಿನ ಪ್ರಭಾವ ತಡೆಯುವುದರಿಂದ ಮೊಡವೆಗೂ ಬಂತು. ಬ್ರಿಟನ್ನಿನಲ್ಲಿ 410 ಹೆಂಗಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಹಚ್ಚುವ ಔಷಧದ ಜೊತೆಗೆ ಈ ಮಾತ್ರೆ ತೆಗೆದುಕೊಂಡವರಿಗೆ ಹುಸಿಮಾತ್ರೆ ತೆಗೆದುಕೊಂಡವರಿಗಿಂತ ಗುಣ ಹೆಚ್ಚಿತ್ತು. 12ನೇ ವಾರಕ್ಕಿಂತ 24ನೇ ವಾರದಲ್ಲಿ ಅಂತರ ಸ್ಪಷ್ಟವಾಗಿತ್ತು. ಗರ್ಭಿಣಿಯರಿಗೆ ಇದನ್ನು ಕೊಡುವುದಿಲ್ಲ. ಗಂಡಸರಿಗೆ ಎದೆ ಊದಿಕೊಳ್ಳಬಹುದಾದ್ದರಿಂದ ಅವರಿಗೂ ಸಾಮಾನ್ಯವಾಗಿ ಬರೆಯುವುದಿಲ್ಲ.