ತುಂಗಭದ್ರೆಯ ದಂಡೆಯಲ್ಲಿ ಹಿತ್ತಾಳೆ ಬೆಳಗಿದ ಬಗೆ

ಹಿತ್ತಾಳೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಬಂದೂಕಿನ ತೋಟೆಗೆ ಬಳಸುವ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು ಇರುತ್ತದೆ. ಕೊಡ, ತಂಬಿಗೆ, ಸಮೆಗಳಲ್ಲಿ ಈ ಪ್ರಮಾಣ ಹೆಚ್ಚುಕಡಿಮೆಯಾಗುತ್ತದೆ. ಗಾಳಿ, ತೇವ, ಕೈಬೆವರು, ಒಲೆಯ ಹೊಗೆ ತಾಗಿದಂತೆ ಮೇಲ್ಮೈ ಮೊದಲು ಕಂದಾಗಿ ಆಮೇಲೆ ಕಪ್ಪಾಗುತ್ತದೆ. ಬಹುಕಾಲ ಒದ್ದೆಯಾಗಿದ್ದರೆ ಹಸಿರು ಕಿಲುಬು ಹಿಡಿಯುತ್ತದೆ. ಈ ಪೊರೆಯನ್ನು ತೆಗೆಯಲು ಇರುವುದು ಎರಡೇ ದಾರಿ. ಒಂದು, ಹುಳಿ ಹಾಕಿ ಕರಗಿಸುವುದು. ಇನ್ನೊಂದು, ಒರಟು ಪುಡಿಯಿಂದ ತಿಕ್ಕಿ ಕೀಳುವುದು. ಅಡುಗೆಮನೆಯ ಹುಣಸೆಹಣ್ಣಿನಿಂದ ಹಿಡಿದು ಮೋಟಾರಿನಿಂದ ತಿರುಗುವ ಪೀಪಾಯಿಯವರೆಗೆ ಹಿತ್ತಾಳೆ ಬೆಳಗುವ ಎಲ್ಲ ಉಪಾಯಗಳೂ ಇವೆರಡರ ಹೊಂದಾಣಿಕೆಗಳೇ.

ಹೊಳಪು ಕೊಡುವ ಕೆಲಸ ತುಂಗಭದ್ರೆಯ ಸೀಮೆಗೆ ಲೋಹಕ್ಕಿಂತ ಹಳೆಯದು. ಬಳ್ಳಾರಿಯ ಪಕ್ಕದ ಸಂಗನಕಲ್ಲು–ಕುಪ್ಪಗಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಜನ ಕರಿಗಲ್ಲಿನಿಂದ ಕೊಡಲಿಗಳನ್ನು ಮಾಡುತ್ತಿದ್ದರು. ಅವುಗಳ ಬಾಯನ್ನು ಬಂಡೆಗೆ ಉಜ್ಜಿ ಉಜ್ಜಿ ನುಣುಪಾಗಿಸಿದ ಗುಳಿಗಳು ಅಲ್ಲಿನ ಗ್ರಾನೈಟಿನ ಮೇಲೆ ಇಂದಿಗೂ ಕಾಣುತ್ತವೆ. ನೀರು, ಮರಳು, ತೋಳ್ಬಲ, ಇಷ್ಟೇ ಅವರ ಸಲಕರಣೆ. ಲೋಹ ಬಂದ ಮೇಲೂ ಈ ಪಟ್ಟಿಗೆ ಸೇರಿದ್ದು ಹುಳಿ ಮಾತ್ರ.

ಈ ಸೀಮೆಯ ನೆಲಕ್ಕೆ ವಿರೂಪಾಪುರಗಡ್ಡೆ ಒಂದು ಮಾದರಿ. ಅದು ಇರುವುದು ಹಂಪಿಯ ವಿರೂಪಾಕ್ಷ ದೇಗುಲದ ಆಚೆ ದಡಕ್ಕೆ, ತುಂಗಭದ್ರೆಯ ಕವಲುಗಳ ನಡುವೆ. ಇಂದು ಅದು ಕೊಪ್ಪಳ ಜಿಲ್ಲೆಯ ಗಂಗಾವತಿ ಭಾಗಕ್ಕೆ ಸೇರಿದೆ. ಬಂಡೆಗುಡ್ಡ, ಭತ್ತದ ಗದ್ದೆ, ನದಿಯ ಮರಳು ಅದರ ಸುತ್ತಲಿನ ನೆಲದ ಲಕ್ಷಣ. ಹಿತ್ತಾಳೆ ಬೆಳಗಲು ಬೇಕಾದದ್ದೆಲ್ಲ ಇಂಥ ನೆಲದಲ್ಲಿ ಕೈಗೆಟಕುತ್ತದೆ, ಲೋಹವೊಂದನ್ನು ಬಿಟ್ಟು. ವಿಜಯನಗರದ ಕಾಲದಲ್ಲಿ ತಾಮ್ರ ಪಶ್ಚಿಮ ಕರಾವಳಿಯಿಂದ ಘಟ್ಟ ಹತ್ತಿ ಬರಬೇಕಿತ್ತು. 16ನೇ ಶತಮಾನದ ಆರಂಭದಲ್ಲಿ ಬರೆದ ಪೋರ್ಚುಗೀಸ್ ಅಧಿಕಾರಿ ದುವಾರ್ತೆ ಬಾರ್ಬೋಸಾ, ಭಟ್ಕಳದಲ್ಲಿ ಮಾರಾಟವಾಗುವ ತಾಮ್ರ ಒಳನಾಡಿಗೆ ಹೋಗಿ ನಾಣ್ಯವೂ ಪಾತ್ರೆಯೂ ಆಗುತ್ತದೆಂದು ದಾಖಲಿಸಿದ್ದಾನೆ. ಅದನ್ನು ಕರಗಿಸಿ, ಎರಕ ಹೊಯ್ದು, ಬಡಿದು ಪಾತ್ರೆ ಮಾಡುತ್ತಿದ್ದವರು ಪಾಂಚಾಳರೊಳಗಿನ ಕಂಚುಗಾರರು. ಅದೇ ಶತಮಾನದಲ್ಲಿ ಕೃಷ್ಣದೇವರಾಯನ ದಂಡಿನ ಸಾಲುಗಳನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಕೆಲವು ಗುರಾಣಿಗಳು ಕನ್ನಡಿಯಂತೆ ಮುಖ ಕಾಣಿಸುವಷ್ಟು ಹೊಳೆಯುತ್ತಿದ್ದವು ಎನ್ನುತ್ತಾನೆ. ಅವು ಹಿತ್ತಾಳೆಯವಲ್ಲ, ಕಪ್ಪು ಬಣ್ಣದವು. ಆದರೂ ದಂಡಿನ ಹಿಂದೆ ತಿಕ್ಕುವ ಕೈಗಳ ಇನ್ನೊಂದು ದಂಡು ಇದ್ದಿರಲೇಬೇಕು. ಅದರ ಬಗ್ಗೆ ಪಯಸ್ ಏನನ್ನೂ ಹೇಳುವುದಿಲ್ಲ. ಹೊಳಪನ್ನು ಮೆಚ್ಚಿ ಬರೆದವರು ಹೊಳಪು ತಂದವರನ್ನು ನೆನೆಯುವುದು ಅಪರೂಪ.

ಮನೆಯ ಮಟ್ಟದಲ್ಲಿ ಈ ಕೆಲಸ ಹೆಂಗಸರದಾಗಿತ್ತು. ಹಬ್ಬದ ಹಿಂದಿನ ದಿನ ಅಟ್ಟದ ಮೇಲಿನ ಕೊಡ, ಹಂಡೆ, ಚರಿಗೆ, ಪರಾತ, ಆರತಿ ತಟ್ಟೆ ಎಲ್ಲ ಅಂಗಳಕ್ಕಿಳಿಯುತ್ತಿದ್ದವು. ನೆನೆಸಿದ ಹುಣಸೆಹಣ್ಣಿಗೆ ಉಪ್ಪು ಬೆರೆಸಿ ಸವರಿ ಸ್ವಲ್ಪ ಹೊತ್ತು ಬಿಡುವುದು, ಆಮೇಲೆ ಬೂದಿಯನ್ನೋ ಇಟ್ಟಂಗಿ ಪುಡಿಯನ್ನೋ ತೆಂಗಿನ ನಾರಿಗೆ ಹಚ್ಚಿ ತಿಕ್ಕುವುದು ರೂಢಿ. ಈ ಕ್ರಮದಲ್ಲಿ ಒಳ್ಳೆಯ ರಸಾಯನಶಾಸ್ತ್ರ ಅಡಗಿದೆ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ತಾಮ್ರದ ಆಕ್ಸೈಡನ್ನು ಕರಗಿಸುತ್ತದೆ, ಉಪ್ಪು ಆ ಕೆಲಸವನ್ನು ಚುರುಕುಗೊಳಿಸುತ್ತದೆ. ಕಟ್ಟಿಗೆಯ ಬೂದಿ ಕ್ಷಾರವಾದ್ದರಿಂದ ಜಿಡ್ಡನ್ನು ಬಿಡಿಸುತ್ತದೆ, ಉಳಿದ ಹುಳಿಯನ್ನೂ ಸತ್ವಗೆಡಿಸುತ್ತದೆ. ಭತ್ತದ ಹೊಟ್ಟಿನ ಬೂದಿಯ ಗುಣ ಬೇರೆ. ಪೂರ್ತಿ ಸುಟ್ಟ ಹೊಟ್ಟಿನ ಬೂದಿಯಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲು ಸಿಲಿಕಾ ಇರುವುದರಿಂದ ಅದು ತೊಳೆಯುವುದಕ್ಕಿಂತ ತಿಕ್ಕುವುದಕ್ಕೆ ಹೆಚ್ಚು ಒದಗುತ್ತದೆ. ಅಕ್ಕಿ ಗಿರಣಿಗಳ ಊರಾದ ಗಂಗಾವತಿಯ ಸುತ್ತ ಹೊಟ್ಟಿಗೆ ಬರವಿಲ್ಲ. ನದಿಯ ಮರಳನ್ನೂ ಬಳಸುತ್ತಿದ್ದರು, ಆದರೆ ತಳ ಸೀದ ಪಾತ್ರೆಗೆ ಮಾತ್ರ. ಕಾರಣ ಸರಳ. ಗಡಸುತನದ ಮೋಸ್ ಅಳತೆಯಲ್ಲಿ ಹಿತ್ತಾಳೆ ಸುಮಾರು 3, ಮರಳಿನ ಬೆಣಚುಕಲ್ಲು 7. ಮರಳಿನಲ್ಲಿ ತಿಕ್ಕಿದ ಸಮೆ ಹೊಳೆಯುವುದಿಲ್ಲ, ಗೀರು ಬೀಳುತ್ತದೆ.



ಹುಳಿ ಹಿತವಾಗಿರಬೇಕು. ಹೆಚ್ಚು ಹೊತ್ತು ಬಿಟ್ಟರೆ ಅದು ಹಿತ್ತಾಳೆಯ ಮೇಲ್ಪದರದ ಸತುವನ್ನು ಮೊದಲು ತಿನ್ನುತ್ತದೆ. ತಾಮ್ರವಷ್ಟೇ ಉಳಿದು ಪಾತ್ರೆಗೆ ಗುಲಾಬಿ ಛಾಯೆ ಬರುತ್ತದೆ.

ಪಾತ್ರೆಯ ಒಳಮೈ ಕಲಾಯಿಗಾರರ ಪಾಲು. ಹುಳಿ ಪದಾರ್ಥ ಬರಿಯ ಹಿತ್ತಾಳೆಯಲ್ಲಿ ಕೆಡುವುದರಿಂದ ಒಳಗೆ ತವರದ ತೆಳು ಲೇಪ ಬೇಕಿತ್ತು. ಊರಿಂದೂರಿಗೆ ಬರುವ ಕಲಾಯಿಯವರು ನೆಲದಲ್ಲಿ ಕುಳಿ ತೋಡಿ, ತಿದಿ ಊದಿ, ಪಾತ್ರೆ ಕಾಯಿಸಿ, ನವಸಾಗರ ಎರಚಿ, ತವರವನ್ನು ಹತ್ತಿಯಲ್ಲಿ ಒರೆಸುತ್ತಿದ್ದರು. ಬಿಳಿ ಹೊಗೆ ಎದ್ದ ಕ್ಷಣಕ್ಕೆ ಒಳಮೈ ಬೆಳ್ಳಗಾಗುವುದನ್ನು ನೋಡಲು ಓಣಿಯ ಮಕ್ಕಳೆಲ್ಲ ನೆರೆಯುತ್ತಿದ್ದರು. ಆದರೆ ತಿರುಗುವ ಪೀಪಾಯಿ ಯಂತ್ರದ ಇತಿಹಾಸಕ್ಕೆ ಮುಖ್ಯವಾದದ್ದು ಅದರ ಹಿಂದಿನ ಹಂತ. ದೊಡ್ಡ ಹಂಡೆಯೊಳಗೆ ಮರಳು, ಗೋಣಿತಟ್ಟಿನ ತುಂಡು ಹಾಕಿ, ಸಹಾಯಕ ಹುಡುಗನೊಬ್ಬ ಅದರೊಳಗೆ ನಿಂತು, ಗೋಡೆಯನ್ನೋ ಕಂಬವನ್ನೋ ಹಿಡಿದು, ಸೊಂಟ ತಿರುಗಿಸುತ್ತ ಕಾಲಿನಿಂದ ಉಜ್ಜುತ್ತಿದ್ದ. ಬಲಕ್ಕೊಮ್ಮೆ, ಎಡಕ್ಕೊಮ್ಮೆ ಮೈ ತಿರುಗಿದಂತೆ ಇಡೀ ದೇಹದ ಭಾರ ಮರಳಿನ ಮೇಲೆ ಬೀಳುತ್ತಿತ್ತು. ಕೈಯಿಂದ ಸಾಧ್ಯವಾಗದ ಒತ್ತಡ ಕಾಲಿನಿಂದ ಸಿಗುತ್ತಿತ್ತು. ಭಾರ, ತಿರುಗುವಿಕೆ, ಸಡಿಲ ಪುಡಿ, ಮೂರೂ ಇಲ್ಲಿವೆ. ಪೀಪಾಯಿ ಯಂತ್ರದಲ್ಲಿ ಇರುವುದೂ ಇವೇ, ಹುಡುಗನೊಬ್ಬನನ್ನು ಬಿಟ್ಟು.

ಹಿತ್ತಾಳೆಗೆ ದಂಡಿನಲ್ಲಿ ತೋಟೆಯಾಗುವ ಹೊಸ ಕೆಲಸ ಸಿಕ್ಕಿದ್ದು 19ನೇ ಶತಮಾನದಲ್ಲಿ. 1800ರಲ್ಲಿ ಬಳ್ಳಾರಿ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ ಮೇಲೆ ತುಂಗಭದ್ರೆಯೇ ಗಡಿಯಾಯಿತು. ಹಂಪಿ ಮದರಾಸು ಪ್ರಾಂತ್ಯದಲ್ಲಿ ಉಳಿಯಿತು, ಎದುರಿನ ಆನೆಗೊಂದಿ ದಂಡೆ ನಿಜಾಮನ ರಾಜ್ಯಕ್ಕೆ ಸೇರಿತು. ಎರಡೂ ದಡ ಒಂದೇ ರಾಜ್ಯದಲ್ಲಿ ಕೂಡಿದ್ದು 1956ರ ನವೆಂಬರ್ 1ರಂದು. ನಡುವಿನ ಕಾಲದಲ್ಲಿ ಬಳ್ಳಾರಿ ದೊಡ್ಡ ದಂಡುಪ್ರದೇಶವಾಗಿತ್ತು. 1857ರ ದಂಗೆಗೆ ಕಿಡಿಯಾದ ತೋಟೆಗಳು ಕಾಗದದವು. ಕಂಪನಿಯ ವಿರುದ್ಧ ಬಂಡೆದ್ದ ಮುಂಡರಗಿ ಭೀಮರಾಯನು ಕೊಪ್ಪಳದ ಕೋಟೆ ಹಿಡಿದು ಹೋರಾಡಿ ಮಡಿದ 1858ರಲ್ಲೂ ಹಿತ್ತಾಳೆ ತೋಟೆ ಬಳಕೆಗೆ ಬಂದಿರಲಿಲ್ಲ. 1860ರ ದಶಕದ ಉತ್ತರಾರ್ಧದಲ್ಲಿ ಸ್ನೈಡರ್ ರೈಫಲ್ಲಿನೊಂದಿಗೆ ಹಿತ್ತಾಳೆಯ ಬಾಕ್ಸರ್ ತೋಟೆ ಬಂತು. 1869ರಲ್ಲಿ ಪುಣೆಯ ಬಳಿಯ ಖಡ್ಕಿಯಲ್ಲಿ ಮದ್ದುಗುಂಡಿನ ಕಾರ್ಖಾನೆ ಆರಂಭವಾಯಿತು.

ತೋಟೆಗೆ ಹಿತ್ತಾಳೆಯೇ ಏಕೆ? ಗುಂಡು ಹಾರಿದಾಗ ಅದು ಹಿಗ್ಗಿ ಕೊಳವೆಯ ಗೋಡೆಗೆ ಅಂಟಿ, ಹಿಂದಕ್ಕೆ ಅನಿಲ ಸೋರದಂತೆ ತಡೆಯುತ್ತದೆ. ಮರುಕ್ಷಣ ಕುಗ್ಗಿ ಸಲೀಸಾಗಿ ಹೊರಬರುತ್ತದೆ. ಹಾರಿಸಿದ ತೋಟೆಯನ್ನು ಅಚ್ಚಿನಲ್ಲಿ ಮತ್ತೆ ಅಳತೆಗೆ ತಂದು, ಹೊಸ ಕೇಪು, ಮದ್ದು ತುಂಬಿ ಬಳಸಬಹುದು. ಅದಕ್ಕೆ ಮೊದಲು ಮಸಿ, ಮಣ್ಣು ಹೋಗಲೇಬೇಕು. ಒಂದು ಮರಳಿನ ಕಣ ಉಳಿದರೂ ಅಚ್ಚಿನ ಒಳಮೈಗೆ ಗೀರು ಬಿದ್ದು, ಮುಂದಿನ ತೋಟೆಗಳಿಗೆಲ್ಲ ಅದೇ ಗೀರು ಅಂಟುತ್ತದೆ. ಕರಿಮದ್ದಿನ ಮಸಿ ಬಿಸಿನೀರಿಗೆ ಬಿಡುತ್ತಿತ್ತು. 1890ರ ದಶಕದಲ್ಲಿ ಹೊಗೆಯಿಲ್ಲದ ಮದ್ದು ಬಳಕೆಗೆ ಬಂದ ಮೇಲೆ ಬರಿಯ ನೀರು ಸಾಲದಾಯಿತು.

ಹಿತ್ತಾಳೆ ತೋಟೆಯ ದೊಡ್ಡ ಪಾಠವೊಂದು ಭಾರತದ ಮಳೆಗಾಲದಲ್ಲೇ ಸಿಕ್ಕಿತು. ಬ್ರಿಟಿಷ್ ಸೇನೆಯು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಕೂಡಿಟ್ಟ ತೋಟೆಗಳು ಯಾರೂ ಮುಟ್ಟದಿದ್ದರೂ ತಾವಾಗಿ ಸೀಳುಬಿಡುತ್ತಿದ್ದವು. ಋತುವಿಗೂ ಬಿರುಕಿಗೂ ನಂಟು ಕಂಡುಬಂತು, ಕಾರಣ ಬಹುಕಾಲ ಹೊಳೆಯಲಿಲ್ಲ. 1921ರಲ್ಲಿ ಮೂರ್, ಬೆಕಿನ್ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಲೋಹತಜ್ಞರು ಅದನ್ನು ವಿವರಿಸಿದರು. ಹಿತ್ತಾಳೆಯ ಬಿಲ್ಲೆಯನ್ನು ಒತ್ತಿ ಎಳೆದು ತೋಟೆ ಮಾಡುವಾಗ ಲೋಹದೊಳಗೆ ಬಿಗುವು ಉಳಿಯುತ್ತದೆ. ಕುದುರೆ ಗಂಜಲದಿಂದ ಏಳುವ ಅಮೋನಿಯಾ ತೇವದೊಡನೆ ಸೇರಿ ಆ ಬಿಗುವಿದ್ದೆಡೆ ಲೋಹವನ್ನು ಕೊರೆಯುತ್ತದೆ. ತೋಟೆಯನ್ನು ಹದವಾಗಿ ಕಾಯಿಸಿ ಬಿಗುವು ಇಳಿಸುವುದೇ ಪರಿಹಾರ. 1905ರಿಂದ ಮಾರುಕಟ್ಟೆಯಲ್ಲಿದ್ದ ಬ್ರಾಸೋದಂಥ ಅಮೋನಿಯಾ ಬೆರೆತ ಪಾಲಿಶು ಸಿಪಾಯಿಯ ಗುಂಡಿ, ಬಕಲ್ಲುಗಳಿಗೆ ಸಲ್ಲುತ್ತದೆ, ತೋಟೆಗೆ ಸಲ್ಲದು ಎಂಬ ನಿಯಮದ ಹಿಂದೆಯೂ ಇದೇ ತಿಳಿವಳಿಕೆ ಇದೆ. ಈ ವಿಷಯದಲ್ಲಿ ಹುಣಸೆಹಣ್ಣು ಪಾಲಿಶಿಗಿಂತ ಸುರಕ್ಷಿತ.

ತಿರುಗುವ ಪೀಪಾಯಿ ತೋಟೆಗಾಗಿ ಹುಟ್ಟಿದ್ದಲ್ಲ. 14ನೇ ಶತಮಾನದಲ್ಲೇ ಇಂಗ್ಲೆಂಡಿನ ಡೋವರ್ ಕೋಟೆಯ ಸಾಮಾನುಪಟ್ಟಿಯಲ್ಲಿ ಯುದ್ಧದ ಅಂಗಿಗಳನ್ನು ಉರುಳಿಸುವ ಪೀಪಾಯಿಯ ಹೆಸರಿದೆ. ಕಬ್ಬಿಣದ ಕೊಂಡಿಗಳ ಅಂಗಿಯನ್ನು ಮರಳಿನೊಂದಿಗೆ ತುಂಬಿ ಉರುಳಿಸಿದರೆ ತುಕ್ಕು ಬಿಡುತ್ತಿತ್ತು. ಕಾರ್ಖಾನೆಗಳ ಯುಗದಲ್ಲಿ ಇದೇ ತತ್ತ್ವ ಮೊಳೆ, ಗುಂಡಿ, ಎರಕದ ಬಿಡಿಭಾಗಗಳಿಗೆ ಬಂತು. 20ನೇ ಶತಮಾನದಲ್ಲಿ ತೋಟೆ ಮರುತುಂಬುವ ಹವ್ಯಾಸಿಗಳು, ಮುಖ್ಯವಾಗಿ ಅಮೆರಿಕದವರು, ಅದನ್ನು ಮನೆಯ ಷೆಡ್ಡಿಗೆ ತಂದರು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಮದ್ದುಗುಂಡು ತಯಾರಿಸಲು ಪರವಾನಗಿ ಕಡ್ಡಾಯ. ಹೀಗಾಗಿ ಮನೆಯಲ್ಲಿ ಕಟ್ಟಿದ ಪೀಪಾಯಿಗೆ ಇಲ್ಲಿ ಒಪ್ಪುವ ಕೆಲಸ ಗೆಜ್ಜೆ, ಕಿರುಗಂಟೆ, ಬಳೆ, ಕೊಂಡಿಗಳದು. ಹಂಪಿಯಲ್ಲಿ ಪ್ರವಾಸಿಗರಿಗೆ ಮಾರುವ ಲಂಬಾಣಿ ಒಡವೆಯ ಒಂದೊಂದು ಗೆಜ್ಜೆಯನ್ನೂ ಕೈಯಲ್ಲಿ ತಿಕ್ಕುವುದೆಂದರೆ ದಿನಗಟ್ಟಲೆ ಕೂರಬೇಕು. ವಿರೂಪಾಪುರಗಡ್ಡೆಯಲ್ಲೂ ಇಂಥ ಪ್ರವಾಸಿ ಪೇಟೆ ಬೆಳೆದಿತ್ತು. 2020ರ ಫೆಬ್ರವರಿಯ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಮಾರ್ಚಿನಲ್ಲಿ ಅಲ್ಲಿನ ರೆಸಾರ್ಟುಗಳನ್ನು ಕೆಡವಲಾಯಿತು.

ಯಂತ್ರದ ರಚನೆ ಸರಳ, ಲೆಕ್ಕ ಮಾತ್ರ ತಪ್ಪಬಾರದು. ಎರಡೂ ಬದಿ ಮುಚ್ಚಿದ ಪಿವಿಸಿ ಪೈಪಿನ ತುಂಡು ಪೀಪಾಯಿಯಾಗುತ್ತದೆ. ಅದನ್ನು ಜೋಡಿ ಉರುಳೆಗಳ ಮೇಲೆ ಮಲಗಿಸಿ, ಒಂದು ಉರುಳೆಯನ್ನು ಮೋಟಾರಿಗೆ ಬೆಲ್ಟಿನಿಂದ ಜೋಡಿಸುತ್ತಾರೆ. ವೇಗ ಮೀರಿದರೆ ಒಳಗಿನದೆಲ್ಲ ಗೋಡೆಗೆ ಅಂಟಿಕೊಂಡು ಸುತ್ತುತ್ತದೆ, ಉಜ್ಜಾಟವೇ ಇರುವುದಿಲ್ಲ. 20 ಸೆಂಟಿಮೀಟರ್ ಅಡ್ಡಳತೆಯ ಪೀಪಾಯಿಗೆ ಈ ಮಿತಿ ನಿಮಿಷಕ್ಕೆ ಸುಮಾರು 95 ಸುತ್ತು. ಅದರ ಅರ್ಧದಷ್ಟು ವೇಗದಲ್ಲಿ ಸರಕು ಒಂದು ಬದಿಗೆ ಏರಿ ಜಾರಿ ಬೀಳುತ್ತದೆ. ಆ ಜಾರುವಿಕೆಯಲ್ಲೇ ಹೊಳಪು ಹುಟ್ಟುವುದು. ನಿಮಿಷಕ್ಕೆ 1440 ಸುತ್ತಿನ ಮೋಟಾರಿಗೆ ನಾಲ್ಕಕ್ಕೊಂದರ ಪುಲ್ಲಿ, 2.5 ಸೆಂಟಿಮೀಟರಿನ ಉರುಳೆ ಕೊಟ್ಟರೆ ಪೀಪಾಯಿ 45 ಸುತ್ತು ತಿರುಗುತ್ತದೆ. ಅರ್ಧಕ್ಕಿಂತ ತುಸು ಹೆಚ್ಚು ತುಂಬಿದರೆ ಸಾಕು. ಪೂರ್ತಿ ತುಂಬಿದ ಪೀಪಾಯಿಯಲ್ಲಿ ಯಾವುದೂ ಅಲುಗುವುದಿಲ್ಲ.

ಒಳಗೆ ಹಾಕುವ ಪುಡಿ ಹಿತ್ತಾಳೆಗಿಂತ ಬಹಳ ಗಡಸಾಗಿರಬಾರದು. ಹೊರದೇಶಗಳಲ್ಲಿ ಅಕ್ರೋಟಿನ ಚಿಪ್ಪಿನ ಪುಡಿ, ಗೋವಿನಜೋಳದ ದಿಂಡಿನ ಪುಡಿ ರೂಢಿಯಲ್ಲಿವೆ. ಗೋವಿನಜೋಳ ಕೊಪ್ಪಳ ಜಿಲ್ಲೆಯಲ್ಲೂ ಬೆಳೆಯುವುದರಿಂದ ದಿಂಡಿಗೆ ದೂರ ಹೋಗಬೇಕಿಲ್ಲ. ಒಣ ಪುಡಿಯ ಕೆಲಸ ನಿಧಾನ, ಗಂಟೆಗಟ್ಟಲೆ ಬೇಕು. ಒದ್ದೆ ವಿಧಾನದಲ್ಲಿ ನೀರು, ಸಾಬೂನು, ಚಿಟಿಕೆ ನಿಂಬೆಹುಳಿ, ಒಂದು ಮಿಲಿಮೀಟರಿನಷ್ಟು ದಪ್ಪದ ಸ್ಟೇನ್‌ಲೆಸ್ ಕಡ್ಡಿಗಳು ಸೇರುತ್ತವೆ. ಕಡ್ಡಿಗಳು ಗೆಜ್ಜೆಯ ಸೀಳಿನೊಳಗೂ ನುಸುಳುತ್ತವೆ, ಕೆಲಸ ಮುಗಿದ ಮೇಲೆ ಒಂದೊಂದಾಗಿ ಆರಿಸಬೇಕು ಎಂಬುದೇ ತೊಡಕು. ಹಾರಿಸಿದ ತೋಟೆಗಳ ವಿಷಯದಲ್ಲಿ ಒದ್ದೆ ವಿಧಾನಕ್ಕೆ ಇನ್ನೊಂದು ಕಾರಣವೂ ಇದೆ: ಕೇಪಿನಲ್ಲಿ ಸೀಸದ ಸಂಯುಕ್ತ ಇರುವುದರಿಂದ ಒಣ ಪುಡಿಯ ಧೂಳು ಉಸಿರಿಗೆ ಸೇರಿದರೆ ವಿಷ.

ಕೊಡ, ಹಂಡೆ, ಎತ್ತರದ ದೀಪದ ಕಂಬಗಳಿಗೆ ಈ ಯಂತ್ರ ಒದಗುವುದಿಲ್ಲ. ತೆಳ್ಳಗೆ ಬಡಿದ ಟೊಳ್ಳು ಪಾತ್ರೆ ಪೀಪಾಯಿಯಲ್ಲಿ ತಗ್ಗು ಬೀಳುತ್ತದೆ, ದೊಡ್ಡದಕ್ಕೆ ಜಾಗವೇ ಸಾಲದು. ಅಡುಗೆಮನೆಗೆ ಸ್ಟೀಲು ಬಂದ ಮೇಲೆ ದಿನಬಳಕೆಯ ಹಿತ್ತಾಳೆ ಅಟ್ಟ ಸೇರಿತು, ಕಲಾಯಿಯವರ ಫೇರಿ ಅಪರೂಪವಾಯಿತು. ಉಳಿದದ್ದು ದೇವರ ಮನೆಯ ಹಿತ್ತಾಳೆ. ಅದಕ್ಕೆ ಡಬ್ಬಿಯಲ್ಲಿ ಬರುವ ಪೀತಾಂಬರಿ ಪುಡಿಯೂ ಬಂದಿದೆ, ಹುಣಸೆಹಣ್ಣೂ ನಡೆಯುತ್ತದೆ, ತಿಕ್ಕುವುದು ಕೈಯಿಂದಲೇ.