ತಾವುಲ್‌ನ ಸಾಂಟ್ ಕ್ಲಿಮೆಂಟ್ ಇಗರ್ಜಿ ಮತ್ತು ಅದರ ಗಂಟೆಗೋಪುರ

ಸ್ಪೇನಿನ ಕ್ಯಾಟಲೋನಿಯ ಪ್ರಾಂತ್ಯದಲ್ಲಿ, ಪಿರಿನೀಸ್ ಪರ್ವತಗಳ ನಡುವಿನ ಬೊಯಿ ಕಣಿವೆಯ ತಾವುಲ್‌ನಲ್ಲಿರುವ ಸಾಂಟ್ ಕ್ಲಿಮೆಂಟ್ ಇಗರ್ಜಿಯನ್ನು 1123ರ ಡಿಸೆಂಬರ್ 10ರಂದು ರೋಡಾದ ಬಿಷಪ್ ರಾಮೋನ್ ಗಿಲ್ಲೆಮ್ ಪ್ರತಿಷ್ಠಾಪಿಸಿದನೆಂಬುದು ಅಲ್ಲಿನ ಕಂಬವೊಂದರ ಮೇಲೆ ಬಣ್ಣದಲ್ಲಿ ಬರೆದ ಶಾಸನದಿಂದ ತಿಳಿಯುತ್ತದೆ. ದಪ್ಪ ಗೋಡೆ, ಅರ್ಧವೃತ್ತದ ಕಮಾನು ಹಾಗೂ ಕಿರಿದಾದ ಕಿಟಕಿಗಳಿಂದ ಗುರುತಿಸಲಾಗುವ ರೋಮನೆಸ್ಕ್ ಶೈಲಿಯ ಈ ಕಟ್ಟಡಕ್ಕೆ ಒತ್ತಿಕೊಂಡಂತೆ ಚೌಕಾಕಾರದ ಗಂಟೆಗೋಪುರವು ಅಂತಸ್ತಿನ ಮೇಲೆ ಅಂತಸ್ತಾಗಿ ಏರಿದೆ. ಅದರ ಗೋಡೆಗಳ ಮೇಲಿನ ಕುರುಡು ಕಮಾನುಗಳ ಸಾಲು, ಅಂದರೆ ತೆರಪಿಲ್ಲದೆ ಅಲಂಕಾರಕ್ಕಾಗಿಯೇ ಕೂಡಿಸಿದ ಪುಟ್ಟ ಕಮಾನುಗಳು, ಉತ್ತರ ಇಟಲಿಯ ಲೊಂಬಾರ್ಡಿಯಿಂದ ಹರಡಿದ ಕಟ್ಟಡಕಲೆಯ ಗುರುತಾಗಿವೆ. ದುರ್ಗಮ ಕಣಿವೆಯೊಂದು ದೂರದೇಶದ ಶಿಲ್ಪಪದ್ಧತಿಯನ್ನು ಇಷ್ಟು ಪಕ್ವವಾಗಿ ತನ್ನದಾಗಿಸಿಕೊಂಡದ್ದು ನಿಜಕ್ಕೂ ಬೆರಗಿನ ಸಂಗತಿ.

ಕ್ರಿಸ್ತನು ಕಾಮನಬಿಲ್ಲಿನಂಥ ಪಟ್ಟಿಯ ಮೇಲೆ ಆಸೀನನಾಗಿರುವ, ಈ ಇಗರ್ಜಿಯ ಗೋಡೆಯ ಮೇಲಿದ್ದ ಭಿತ್ತಿಚಿತ್ರವು ಮಧ್ಯಯುಗದ ಯುರೋಪಿನ ಶ್ರೇಷ್ಠ ಕೃತಿಗಳಲ್ಲೊಂದು. ನೆರೆಹೊರೆಯ ಇಗರ್ಜಿಗಳ ಚಿತ್ರಗಳು ವಿದೇಶಿ ವ್ಯಾಪಾರಿಗಳ ಪಾಲಾಗುವ ಭೀತಿ ಎದುರಾದಾಗ, 1919 ಮತ್ತು 1923ರ ನಡುವಿನ ಅವಧಿಯಲ್ಲಿ ಇಟಲಿಯ ತಜ್ಞರು ಚಿತ್ರದ ಮೇಲೆ ಅಂಟು ಸವರಿದ ಬಟ್ಟೆಯನ್ನು ಹಚ್ಚಿ, ಅದು ಒಣಗಿದ ಬಳಿಕ ಬಣ್ಣದ ಪದರವನ್ನು ಗೋಡೆಯಿಂದ ಸುಲಿದು ತೆಗೆದರು. ಹೀಗೆ ತೆಗೆದ ಚಿತ್ರಗಳು ಬಾರ್ಸಿಲೋನಾದ ವಸ್ತುಸಂಗ್ರಹಾಲಯವನ್ನು ಸೇರಿದವು. ಚಿತ್ರ ಉಳಿಯಿತಾದರೂ ಅದು ಹುಟ್ಟಿದ ಗೋಡೆ ಬರಿದಾದದ್ದು ಸಣ್ಣ ನಷ್ಟವಲ್ಲ. ಗೋಪುರಸಹಿತವಾದ ಈ ಇಗರ್ಜಿಯೂ ಸೇರಿದಂತೆ ಕಣಿವೆಯ ಒಂಬತ್ತು ದೇವಾಲಯಗಳನ್ನು ಯುನೆಸ್ಕೊ 2000ದಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.